ಪೊಟ್ಟಣದಲ್ಲಿ ಐದಿದ್ದವು

ಚಿಯಾಂಗ್ ಮಾಯ್
ಜೂನ್ ೩, ಬುದ್ಧವರ್ಷ ೨೫೫೪

ಅತ್ತಿಗೆಗೆ,

ಫೋನ್ ಮಾಡಿದರೆ ಇಟ್ಟುಬಿಡುತ್ತೀರಿ, ಅದಕ್ಕೇ ಈ ಪತ್ರ. ಹರಿದು ಹಾಕುವ ಮೊದಲು ಕೊನೆಯವರೆಗೆ ಓದಿ, ಅಷ್ಟೇ ನಾನು ಕೇಳುವುದು.

ನಮ್ಮ ಪ್ರಯೋಗಾಲಯದಲ್ಲಿ ವಾರಿಸಾ ಎಂಬ ಹುಡುಗಿ ಇದ್ದಾಳೆ. ಕಳೆದ ಭಾನುವಾರ ಮೇ ತೇಂಗ್ ಸಂತೆಯಿಂದ ಸಾರು ಮಾಡಲೆಂದು ಒಂದು ಬುಟ್ಟಿ ಕಾಡುಕುರಿ ಅಣಬೆ ತಂದಳು. "ಅಲ್ಲೊಬ್ರು ಅಮ್ಮ ಇದಾರೆ ಸಾರ್, ನಾನು ಒಂದೊಂದೇ ತಿರುಗಿಸಿ ನೋಡ್ತಿದ್ರೆ 'ಹೆಣ್ಣು ನೋಡೋಕೆ ಬಂದ್ಯೋ ಅಣಬೆ ತಗೊಳೋಕೆ ಬಂದ್ಯೋ' ಅಂದ್ಬಿಟ್ರು" ಎಂದಳು. ಅದು ನೀವೇ ಎಂದು ನನಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಆ ಬುಟ್ಟಿಯಲ್ಲಿ ಒಂದು ಮಾತ್ರ ಬೇರೆಯಾಗಿತ್ತು. ಗಿಡ್ಡ, ತಲೆಯ ಮೇಲೆ ಸುಕ್ಕು, ಬಣ್ಣ ಸ್ವಲ್ಪ ಮಂಕು. ನಾನು ನೋಡುವಷ್ಟರಲ್ಲಿ ವಾರಿಸಾ ಅದನ್ನು ಪೂರ್ತಿ ಹೆಚ್ಚಿಯಾಗಿತ್ತು. ಹೆಚ್ಚಿದ್ದು ಒಲೆಯ ಮೇಲಿತ್ತು. ಹಲಗೆಯ ಮೇಲೆ, ಕತ್ತರಿಸಿದಾಗ ಒಸರಿದ ಅದರ ಹಾಲು ಕಂದು ಕಲೆ ಮಾಡಿತ್ತು. ಅಣ್ಣ ಚಹಾ ತೋಪಿನ ಮೇಲಿನ ಓಕ್ ಮರಗಳ ಕಡೆಯಿಂದ ಬಂದ ದಿನ ಅವನ ಬೆರಳುಗಳಲ್ಲಿ ಅದೇ ಕಲೆ ಇರುತ್ತಿತ್ತು. ಇಪ್ಪತ್ತು ವರ್ಷ ಅಣಬೆ ನೋಡಿದ್ದೇನೆ, ಇದನ್ನು ಯಾವ ಪುಸ್ತಕದಲ್ಲೂ ನೋಡಿಲ್ಲ.

ಅಂಥವು ಮೂರೋ ನಾಲ್ಕೋ ಬೇಕು. ಬುಡ ಮುರಿಯದ ಹಾಗೆ, ಪ್ಲಾಸ್ಟಿಕ್ಕಿನಲ್ಲಿ ಅಲ್ಲ, ಕಾಗದದಲ್ಲಿ ಸುತ್ತಿ ಬಸ್ಸಿನ ಪಾರ್ಸೆಲ್‌ನಲ್ಲಿ ಕಳಿಸಲು ಆಗುತ್ತದೆಯೇ?

ನಿಮ್ಮ ಮೈದುನ,
ಇಂತೊನ್


ಮೇ ತೇಂಗ್
ಜೂನ್ ೧೫

ಇಂತೊನ್,

ಹರಿದು ಹಾಕಲಿಲ್ಲ. ಹಿಂಬದಿ ಖಾಲಿ ಇತ್ತು, ಅದರ ಮೇಲೇ ಉತ್ತರ ಬರೆಯುತ್ತಿದ್ದೇನೆ. ನಿನ್ನ ಮಾತು ನಿನಗೇ ವಾಪಸು ಬರುತ್ತದೆ, ಓದಿ ನೋಡಿಕೋ.

ಆರು ವರ್ಷ. ನಿನ್ನ ಅಣ್ಣನ ಚಿತೆ ಆರಿ ನಾಲ್ಕನೆಯ ದಿನ ಕೆಸರು ಬೂಟು ಹಾಕಿಕೊಂಡು ಲಾವೋಸಿನಿಂದ ಬಂದು ಅಂಗಳದಲ್ಲಿ ನಿಂತವನು ನೀನು. ಈಗ ಅಣಬೆ ಬೇಕೆಂದು ಬರೆದಿದ್ದೀಯ. ಅಣಬೆಗಾದರೂ ಬರೆದೆಯಲ್ಲ. ಪಕ್ಕದ ಅಂಗಡಿಯ ಫಾಯ್, ಅದೇ ಹುಳಿ ಕಳಲೆ ಮಾರುವವಳು, ಅಂಚೆಯವನ ಕೈಯಲ್ಲಿ ಕವರು ನೋಡಿದ್ದೇ ತಡ, "ಏನೇ ಸೇಂಗ್ಲಾ, ಮೈದುನ ಕಾಗದ ಬರ್ದಿದಾನಂತೆ, ಯಾರು ಹೋದ್ರು?" ಎಂದಳು. "ಯಾರೂ ಹೋಗಿಲ್ಲ ಕಣೇ, ಅಣಬೆ ಬೇಕಂತೆ" ಎಂದೆ. "ಅಷ್ಟು ಓದಿ ಕೊನೆಗೆ ನಿನ್ನ ಹತ್ರಾನೇ ಬಂದ್ನಾ!" ಎಂದು ಹಲ್ಲು ಕಿರಿದಳು. ಅವಳ ಮುಂದೆ ನಿನ್ನ ಪರ ಮಾತಾಡಬೇಕಾಗಿ ಬಂತು. ಅದೊಂದು ಖರ್ಚು ನನಗೆ.

ಓಕ್ ಮರಗಳ ಹತ್ತಿರ ವರ್ಷಕ್ಕೊಮ್ಮೆ ಹತ್ತುತ್ತೇನೆ, ಮಳೆ ಶುರುವಾದ ಮೇಲೆ. ಯಾಕೆ ಎಂದು ಕೇಳಬೇಡ. ಈ ವರ್ಷದ್ದು ಮುಗಿದಿತ್ತು. ನಿನಗಾಗಿ ಇನ್ನೊಮ್ಮೆ ಹತ್ತಿದೆ. ಹತ್ತುವಾಗ ಮೊಣಕಾಲು ಸುಮ್ಮನಿತ್ತು, ಇಳಿಯುವಾಗ ಮಾತಾಡಿತು.

ಪೊಟ್ಟಣದಲ್ಲಿ ಐದಿವೆ. ಬಾಳೆ ಎಲೆ ಹಾಕಿಲ್ಲ, ಬರೀ ಕಾಗದ. ಏಳರ ಬಸ್ಸಿನ ಚಾಲಕ ನಮ್ಮವನೇ, ಸೀಟಿನ ಕೆಳಗೆ ಇಡುವುದಿಲ್ಲ, ಮುಂದೆ ಗಾಜಿನ ಹತ್ತಿರ ಇಟ್ಟುಕೊಳ್ಳುತ್ತೇನೆ ಎಂದಿದ್ದಾನೆ.

ಸೇಂಗ್ಲಾ


ಚಿಯಾಂಗ್ ಮಾಯ್
ಜುಲೈ ೯

ಅತ್ತಿಗೆಗೆ,

ಫಲಿತಾಂಶ ಮೊನ್ನೆ ಬಂತು. ಮೂರು ಸಲ ನೋಡಿ, ಆಮೇಲೆ ನಿಮಗೆ ಬರೆಯಲು ಕೂತೆ.

ಅಣಬೆಯ ಡಿಎನ್‌ಎಯಲ್ಲಿ ಒಂದು ತುಣುಕು ಇದೆ, ಸುಮಾರು ಏಳುನೂರು ಅಕ್ಷರದ್ದು. ಊರೂರಿನವರು ತಮ್ಮ ಅಣಬೆಗಳ ಆ ತುಣುಕನ್ನು ಓದಿ ಒಂದೇ ಕಡೆ ಇಟ್ಟಿದ್ದಾರೆ. ನಮ್ಮದನ್ನು ಅವೆಲ್ಲದರ ಜೊತೆ ಹಿಡಿದು ನೋಡಿದೆವು. ಹತ್ತಿರದ ನಂಟನಿಗೂ ನಮ್ಮದಕ್ಕೂ ಐವತ್ತೆರಡು ಅಕ್ಷರ ವ್ಯತ್ಯಾಸ. ವಂಶವೃಕ್ಷ ಬರೆಸಿದರೆ ಒಂದೇ ಒಂದು ಕೊಂಬೆ ದೂರ ಹೋಗಿ ಒಂಟಿಯಾಗಿ ನಿಂತಿದೆ. ಇದು ಹೊಸದು, ಅತ್ತಿಗೆ. ಇದುವರೆಗೆ ಯಾರೂ ಇದಕ್ಕೆ ಹೆಸರಿಟ್ಟಿಲ್ಲ.

ಆದರೆ ಅಕ್ಷರ ಮಾತ್ರ ಸಾಲದು. ತಲೆ ಎಷ್ಟು ಅಗಲ, ಕೆಳಗಿನ ಪದರಗಳು ಎಷ್ಟು ಒತ್ತು, ಬೀಜಕಣದ ಮೈಮೇಲೆ ಎಂಥ ಉಬ್ಬು, ಎಲ್ಲ ಬರೆಯಬೇಕು. ಬಹುಪಾಲು ಬರೆದಾಯಿತು. ಹಾಲು ಮಾತ್ರ ನಾನು ನೋಡಲಿಲ್ಲ. ನನ್ನ ಕೈಗೆ ಬರುವಷ್ಟರಲ್ಲಿ ಅವು ಬಾಡಿದ್ದವು. ಹಾಲಿನ ಬಣ್ಣ ನಿಮಗೆ ನೆನಪಿದೆಯೇ?

ಇದಕ್ಕೆ ಅಣ್ಣನ ಹೆಸರು ಇಡುತ್ತೇನೆ. 'ಕೇವ್ಮಾ' ಎಂಬುದಕ್ಕೆ ಲ್ಯಾಟಿನ್ನಿನ ಒಂದು ಬಾಲ ಅಂಟಿಸಬೇಕು. ಅದಾದ ಮೇಲೆ ಯಾವ ದೇಶದವರು ಇದರ ಬಗ್ಗೆ ಬರೆದರೂ ಅವನ ಹೆಸರು ಬರೆಯಲೇಬೇಕು.

ಇನ್ನೊಂದು ವಿಷಯ. ನಾನು ಇಲ್ಲಿ ಎಂಟು ವರ್ಷದಿಂದ ಗುತ್ತಿಗೆಯವನು. ಪ್ರತಿ ಸೆಪ್ಟೆಂಬರ್ ಮೂವತ್ತಕ್ಕೆ ಹುದ್ದೆ ಮುಗಿಯುತ್ತದೆ, ಪ್ರತಿ ಅಕ್ಟೋಬರ್ ಒಂದಕ್ಕೆ ಮತ್ತೆ ಸಹಿ. ಈ ಸಲ ಈ ಅಣಬೆಯ ಪ್ರಬಂಧ ಒಪ್ಪಿಗೆಯಾದರೆ ಖಾಯಂ ಮಾಡುವ ಮಾತಿದೆ. ಇಲ್ಲವಾದರೆ ಮತ್ತೆ ಸಹಿ ಇಲ್ಲ. ನಲವತ್ತಾರಾಯಿತು. ಸಾಕಾಗಿದೆ.

ಚಿತ್ರ ಇಟ್ಟಿದ್ದೇನೆ.

ಇಂತೊನ್


ಮೇ ತೇಂಗ್
ಜುಲೈ ೧೬

ಇಂತೊನ್,

ಚಿತ್ರ ಬಂತು. ಚೆನ್ನಾಗಿ ತೆಗೆದಿದ್ದೀಯ. ಬೂದು ಬಟ್ಟೆಯ ಮೇಲೆ ಅಳತೆಪಟ್ಟಿ ಇಟ್ಟು, ಮದುವೆ ಗಂಡಿನ ಹಾಗೆ ಮಲಗಿಸಿದ್ದೀಯ. ಫಾಯ್‌ಗೆ ತೋರಿಸಿದೆ. "ನನ್ ಮಗಳ ಮದುವೆ ಫೋಟೋನೂ ಇಷ್ಟು ಚೆನ್ನಾಗಿ ಬಂದಿರ್ಲಿಲ್ಲ" ಎಂದಳು.

ಭಿಕ್ಷುಗಳ ವರ್ಷಾವಾಸ ಶುರುವಾಯಿತು. ಊರಿನವರೆಲ್ಲ ಪುಣ್ಯ ಮಾಡಲು ಹೊರಟಿದ್ದಾರೆ, ಅಂಗಡಿ ಕಡೆ ಯಾರೂ ಇಲ್ಲ. ಮಳೆ ಬಿಟ್ಟೂ ಬಿಟ್ಟೂ ಬರುತ್ತಿದೆ, ಅಣಬೆಗೆ ಇದು ಒಳ್ಳೆಯದಲ್ಲ, ಬೇಗ ಹುಳು ಹಿಡಿಯುತ್ತದೆ. ಮೊಣಕಾಲಿಗೆ ಎಣ್ಣೆ ಹಚ್ಚುತ್ತಿದ್ದೇನೆ. ಎಣ್ಣೆಗೂ ಅದಕ್ಕೂ ಏನು ಒಪ್ಪಂದವೋ, ನೋವು ಜಾಗ ಬದಲಾಯಿಸುತ್ತದೆಯೇ ಹೊರತು ಬಿಡುವುದಿಲ್ಲ.

ಚಿತ್ರದಲ್ಲಿ ಎರಡೇ ಇವೆ. ಉಳಿದ ಮೂರನ್ನು ಏನು ಮಾಡಿದೆ?

ಸೇಂಗ್ಲಾ


ಚಿಯಾಂಗ್ ಮಾಯ್
ಜುಲೈ ೨೮

ಅತ್ತಿಗೆಗೆ,

ಹಾಲಿನ ಬಗ್ಗೆ ನೀವು ಬರೆಯಲಿಲ್ಲ. ಇರಲಿ, 'ನೋಡಿಲ್ಲ' ಎಂದೇ ಬರೆದೆ.

ಆ ಮೂರು ಸಣ್ಣವು, ಹುಳು ಹಿಡಿದವು, ಚಿತ್ರಕ್ಕೆ ಬರುವಂತಿರಲಿಲ್ಲ. ಡಿಎನ್‌ಎಗೆ ಒಂದು ಚೂರು ಕತ್ತರಿಸಬೇಕಿತ್ತು. ಚೆಂದದವನ್ನು ಯಾಕೆ ಹಾಳು ಮಾಡುವುದೆಂದು ಸಣ್ಣದರಿಂದ ತೆಗೆದೆವು. ದೊಡ್ಡ ಎರಡನ್ನು ಒಣಗಿಸಿ ಮೂಲ ಮಾದರಿ ಎಂದು ಇಟ್ಟಿದ್ದೇವೆ. ನೂರು ವರ್ಷದ ನಂತರ ಯಾರಿಗಾದರೂ ಅನುಮಾನ ಬಂದರೆ ಆ ಡಬ್ಬಿ ತೆಗೆದು ನೋಡುತ್ತಾರೆ. ಬುಡ ಮುರಿಯಬೇಡಿ ಎಂದಿದ್ದೆ, ದೊಡ್ಡವೆರಡರ ಬುಡ ಕತ್ತರಿಸಿದ್ದೀರಿ. ಪರವಾಗಿಲ್ಲ.

ಪ್ರಬಂಧ ಕಳಿಸಿಯಾಯಿತು. ನಮ್ಮ ಮುಖ್ಯಸ್ಥರು ಮೆಟ್ಟಿಲ ಮೇಲೆ ಸಿಕ್ಕಿ, "ಏನಪ್ಪಾ ಇಂತೊನ್, ಎಂಟು ವರ್ಷ ಬೇಕಾಯ್ತಲ್ಲ ಒಂದು ಅಣಬೆ ಹಿಡಿಯೋಕೆ!" ಎಂದರು. ಅವರ ಬಾಯಲ್ಲಿ ಅದೇ ಹೊಗಳಿಕೆ. ನಾನೂ ನಕ್ಕೆ. ಎಷ್ಟೋ ದಿನದ ಮೇಲೆ ನಕ್ಕೆ ಎಂದು ವಾರಿಸಾ ಹೇಳಿದಳು.

ಇಂತೊನ್


ಮೇ ತೇಂಗ್
ಆಗಸ್ಟ್ ೨೧

ಇಂತೊನ್,

ಇಪ್ಪತ್ತನಾಲ್ಕು ದಿನ ನಿನಗೆ ಬರೆಯಲಿಲ್ಲ. ಬರೆಯಲು ಹೊತ್ತಿರಲಿಲ್ಲ ಎಂದರೆ ನೀನು ನಂಬುತ್ತೀಯ, ಆದರೆ ಸುಳ್ಳು.

ಆ ದಿನ ಓಕ್ ಮರದ ಬುಡದಲ್ಲಿ ನನಗೆ ಸಿಕ್ಕಿದ್ದು ಮೂರೇ. ಮೂರೂ ಕಿರುಬೆರಳಷ್ಟು ಎತ್ತರ, ಒಂದಕ್ಕೆ ಬಸವನಹುಳು ಬಾಯಿ ಹಾಕಿತ್ತು. ಅಂಗಡಿಗೆ ತಂದು ಕಾಗದದ ಮೇಲೆ ಇಟ್ಟು ನೋಡಿದೆ. ಆರು ವರ್ಷದ ಮೇಲೆ ಒಬ್ಬ ಬಾಯಿಬಿಟ್ಟು ಏನೋ ಕೇಳಿದ್ದಾನೆ, ಇಂಥ ಮೂರು ಕೊಡುವುದು ಹೇಗೆ? ಅಷ್ಟರಲ್ಲಿ ಕರೆನ್ ಜನರ ಹಳ್ಳಿಯ ನೋ ಲಾಪೇ ಬುಟ್ಟಿ ಇಳಿಸಿದಳು. ಅವಳದು ಕೆಳಗಿನ ಸಾಲ್ ಮರದ ಕಾಡು, ಅಲ್ಲಿಯ ಕಾಡುಕುರಿ ಅಣಬೆ ನೋಡಲು ರಾಜ.

"ಯಾರಿಗಕ್ಕಾ ಇಷ್ಟು ಜೋಪಾನ?" ಎಂದಳು.

"ಮೈದುನನಿಗೆ. ಪಟ್ಟಣದಲ್ಲಿ ಓದಿ ದೊಡ್ಡವನಾಗಿದಾನೆ."

"ಇಷ್ಟೇನಾ ಕಳ್ಸೋದು? ಭಿಕ್ಷಾಪಾತ್ರೆಗೆ ಹಾಕೋದೂ ಇದಕ್ಕಿಂತ ಜಾಸ್ತಿ ಇರುತ್ತಲ್ಲಕ್ಕಾ!"

ಅವಳ ಬುಟ್ಟಿಯಿಂದ ಎರಡು ಆರಿಸಿ ಕೊಸರು ಹಾಕಿದೆ. ನಲವತ್ತು ವರ್ಷದಿಂದ ಈ ಕೈ ಕೊಸರು ಹಾಕದೆ ಪೊಟ್ಟಣ ಕಟ್ಟಿಲ್ಲ. ತಪ್ಪು ಮಾಡುತ್ತಿದ್ದೇನೆ ಎಂದು ಅನಿಸಲಿಲ್ಲ. ಒಳ್ಳೆಯದು ಮಾಡುತ್ತಿದ್ದೇನೆ ಎಂದೇ ಅನಿಸಿತು.

ನೀನು ಚಿತ್ರದಲ್ಲಿ ಮಲಗಿಸಿರುವುದು ಆ ಎರಡನ್ನು. ನೋಡಿದ ತಕ್ಷಣ ಗೊತ್ತಾಯಿತು. ನೋ ಲಾಪೇ ಕುಡುಗೋಲಿನಲ್ಲಿ ಕೊಯ್ಯುತ್ತಾಳೆ, ಬುಡ ಹಲಗೆಯ ಹಾಗೆ ಸಮ ಇರುತ್ತದೆ. ನಾನು ತಿರುಚಿ ಕೀಳುತ್ತೇನೆ. ಯಾರ ಕೈಯ ಅಣಬೆ ಎಂದು ಬುಡ ನೋಡಿ ಹೇಳಬಲ್ಲೆ, ಮುಖ ನೋಡುವುದು ಬೇಕಿಲ್ಲ. ಅದಕ್ಕೇ ಉಳಿದ ಮೂರು ಎಲ್ಲಿ ಎಂದು ಕೇಳಿದ್ದು. ನೀನು ಉತ್ತರ ಬರೆದೆ. ಅಕ್ಷರ ಓದಿದ್ದು ಸಣ್ಣದರಿಂದ, ರೂಪ ಬರೆದದ್ದು ದೊಡ್ಡದರಿಂದ.

ಆಮೇಲೆ ನಾನು ಸುಮ್ಮನಿದ್ದೆ. ಯಾರಿಗೂ ಗೊತ್ತಾಗುವುದಿಲ್ಲ ಎಂದು ಲೆಕ್ಕ ಹಾಕಿದೆ. ಡಬ್ಬಿ ತೆಗೆಯುವವನು ನೂರು ವರ್ಷದ ಆಚೆ ಇದ್ದಾನೆ. ನಿನ್ನ ಹುದ್ದೆ ಸೆಪ್ಟೆಂಬರ್‌ನಲ್ಲಿದೆ. ನಿನ್ನ ಅಣ್ಣನ ಹೆಸರೂ ಇದೆ ಅದರಲ್ಲಿ. ಒಂದು ಕಡೆ ಇಷ್ಟೆಲ್ಲ, ಇನ್ನೊಂದು ಕಡೆ ನನ್ನ ಬಾಯಿ. ಮುಚ್ಚಿಕೊಂಡಿರು ಎಂದು ಯಾವ ತಕ್ಕಡಿಯಾದರೂ ಹೇಳುತ್ತದೆ. ಮೊನ್ನೆ ನೋ ಲಾಪೇ ಮತ್ತೆ ಬುಟ್ಟಿ ತಂದಳು. ಒಂದನ್ನು ಕತ್ತರಿಸಿ ನೋಡಿದೆ. ಹಾಲು ಬೆಳ್ಳಗೆ ಬಂತು, ಬೆಳ್ಳಗೇ ಒಣಗಿತು. ಅದನ್ನು ನೋಡುತ್ತಾ ಕೂತಿದ್ದಾಗ ಒಬ್ಬಳು ಬಂದು, "ಅಮ್ಮಾ, ಇದು ಒಳ್ಳೇದೇನಾ?" ಎಂದು ಕೇಳಿದಳು. ದಿನಕ್ಕೆ ಐವತ್ತು ಜನ ಕೇಳುವ ಮಾತು. "ಒಳ್ಳೇದು" ಎಂದರೆ ನಂಬಿ ಮನೆಗೆ ಒಯ್ದು ಮಕ್ಕಳಿಗೆ ಬಡಿಸುತ್ತಾರೆ. ಆ ದಿನ ಆ ಮಾತು ಹೇಳಲು ನಾಲಿಗೆ ಏಳಲಿಲ್ಲ.

ಹೇಳಿಯಾಯಿತು. ಇನ್ನು ನೀನುಂಟು, ನಿನ್ನ ಡಬ್ಬಿ ಉಂಟು. ಈ ಪತ್ರ ಸುಟ್ಟರೂ ನಾನು ಕೇಳುವುದಿಲ್ಲ.

ಸೇಂಗ್ಲಾ


ಚಿಯಾಂಗ್ ಮಾಯ್
ಸೆಪ್ಟೆಂಬರ್ ೧೪

ಅತ್ತಿಗೆಗೆ,

ಸುಡಲಿಲ್ಲ. ಎರಡು ವಾರ ಮೇಜಿನ ಖಾನೆಯಲ್ಲಿತ್ತು. ದಿನಾ ಖಾನೆ ತೆಗೆಯುವುದು, ನೋಡುವುದು, ಮುಚ್ಚುವುದು.

ನೀವು ಹೇಳಿಯಾಯಿತು, ಈಗ ನನ್ನ ಸರದಿ. ಬೀಜಕಣ ಅಳೆಯುವಾಗ ನಲವತ್ತು ಅಳೆದೆ. ಸಣ್ಣವುಗಳಿಂದ ಇಪ್ಪತ್ತು, ದೊಡ್ಡವುಗಳಿಂದ ಇಪ್ಪತ್ತು. ಮಿಲಿಮೀಟರಿನ ಸಾವಿರದ ಭಾಗದಲ್ಲಿ ಲೆಕ್ಕ. ಏಳರ ಹತ್ತಿರ ಇಪ್ಪತ್ತು ಗುಂಪು ಕಟ್ಟಿ ಕೂತವು, ಒಂಬತ್ತರ ಹತ್ತಿರ ಇಪ್ಪತ್ತು. ಎಂಟರಲ್ಲಿ ಒಂದೂ ಇಲ್ಲ. ಮೊದಲ ವರ್ಷದ ವಿದ್ಯಾರ್ಥಿ ನೋಡಿದರೂ ಇವು ಎರಡು ಮನೆಯವು ಎನ್ನುತ್ತಾನೆ. ನಾನು 'ಏಳರಿಂದ ಒಂಬತ್ತು' ಎಂದು ಬರೆದು ಮುಂದೆ ಹೋದೆ. ಆ ದಿನ ಕಣ್ಣು ದಣಿದಿತ್ತು ಎಂದುಕೊಂಡೆ. ಕಣ್ಣಿಗೇನೂ ಆಗಿರಲಿಲ್ಲ.

ಒಂದೇ ಜಾಗದವು ಮಾತ್ರ ಕಳಿಸಿ ಎಂದು ನಾನು ಬರೆಯಬೇಕಿತ್ತು. ಅದನ್ನೂ ಹೇಳಬೇಕಾಗುತ್ತದೆ ಎಂದು ಹೊಳೆಯಲೇ ಇಲ್ಲ. ಸಂತೆಯಲ್ಲೇ ಹುಟ್ಟಿ ಬೆಳೆದವನು, ಕೊಸರು ಮರೆತಿದ್ದೆ.

ದೊಡ್ಡವುಗಳ ಡಿಎನ್‌ಎಯನ್ನೂ ಓದಿಸಿದೆ. ಎಲ್ಲರಿಗೂ ಗೊತ್ತಿರುವ ಕಾಡುಕುರಿ ಅಣಬೆ, ಎಲ್ಲ ಸಂತೆಯಲ್ಲೂ ಸಿಗುವುದು. ಸಣ್ಣದು ಹೊಸದು ಎಂಬುದು ಈಗಲೂ ನಿಜ. ಆದರೆ ಉಳಿದಿರುವುದು ಹುಳು ತಿಂದ ಒಂದೂವರೆ ತುಂಡು. ಅದರಿಂದ ಯಾವ ವರ್ಣನೆಯೂ ಬರೆಯಲಾಗದು.

ಪ್ರಬಂಧ ಪರಿಶೀಲನೆ ಮುಗಿದು ಒಪ್ಪಿಗೆಯ ಹತ್ತಿರ ಬಂದಿತ್ತು. ಸೋಮವಾರ ಹಿಂದಕ್ಕೆ ತೆಗೆದುಕೊಂಡೆ. ಮುಖ್ಯಸ್ಥರು ಬಾಗಿಲು ಹಾಕಿ ಕೂರಿಸಿದರು.

"ಯಾರಾದ್ರೂ ಕೇಳಿದ್ರೇನಪ್ಪಾ?"

"ಇಲ್ಲ ಸಾರ್."

"ಯಾರಿಗಾದ್ರೂ ಗೊತ್ತಾ?"

"ನನಗೆ, ಅತ್ತಿಗೆಗೆ. ಈಗ ನಿಮಗೆ."

"ನನ್ನನ್ಯಾಕೆ ಸೇರಿಸಿದೆ ಮಾರಾಯಾ!" ಎಂದು ತಲೆ ಹಿಡಿದುಕೊಂಡರು. ಕೆಟ್ಟವರಲ್ಲ. ಆದರೆ ಅಕ್ಟೋಬರ್ ಒಂದಕ್ಕೆ ಸಹಿ ಇಲ್ಲ. ನನ್ನ ಕುರ್ಚಿಗೆ ವಾರಿಸಾ ಬರುತ್ತಾಳೆ. ನನಗೆ ಲಾಂಫೂನಿನಲ್ಲಿ ಅಣಬೆ ಬೀಜ ಮಾಡುವ ಫಾರಂನಲ್ಲಿ ಕೆಲಸ ಸಿಕ್ಕಿದೆ. ಜೋಳದ ಕಾಳು ಬೇಯಿಸಿ ಬಾಟಲಿಗೆ ತುಂಬುವುದು. ಅಲ್ಲಿ ಇರುವುದು ಒಂದೇ ಜಾತಿ, ಅದರ ಹೆಸರು ಎಲ್ಲರಿಗೂ ಗೊತ್ತು. ಈಗ ನನಗೆ ಅಷ್ಟೇ ಸಾಕು.

ನಿಮ್ಮ ಮೇಲೆ ಕೋಪ ಬರಲಿ ಎಂದು ನೋಡಿದೆ. ಬರಲಿಲ್ಲ.

ಇಂತೊನ್


ಮೇ ತೇಂಗ್
ಅಕ್ಟೋಬರ್ ೬

ಇಂತೊನ್,

ಮಳೆ ಮುಗಿಯುತ್ತಾ ಬಂತು, ಈಗ ಹೋಗದಿದ್ದರೆ ಮುಂದಿನ ವರ್ಷವೇ ಎಂದು ನಿನ್ನೆ ಹತ್ತಿದೆ. ಫಾಯ್ ಕೂಡ ಬಂದಳು, ನಾನು ಬಿದ್ದರೆ ಹೊರಲು ಅಲ್ಲವಂತೆ, ಬಿದ್ದದ್ದನ್ನು ಊರಿಗೆ ಹೇಳಲು. ಅಲ್ಲಿ ಎರಡು ಸಿಕ್ಕವು. ಬಹುಪಾಲು ಅಲ್ಲೇ ಕೂತು ಬರೆದುಕೊಂಡದ್ದು ಇದು. ನಿನ್ನವರ ಭಾಷೆಯಲ್ಲಿ ಇಲ್ಲ, ನೀನೇ ಸರಿಮಾಡಿಕೋ.

ಜಾಗ: ಚಹಾ ತೋಪು ದಾಟಿ ಮೇಲೆ, ಗುಡ್ಡದ ಉತ್ತರದ ಮೈ. ಹಳೆಯ ಓಕ್, ಒಂದೇ ಮರ, ಅದರ ಬೇರಿನ ಮೇಲೆ. ಎರಡಕ್ಕೂ ನಡುವೆ ಒಂದು ಮೊಳ.

ತಲೆ: ದೊಡ್ಡದು ನನ್ನ ಮೂರು ಬೆರಳಗಲ, ಸಣ್ಣದು ಎರಡು. ಹಳೇ ಮಡಕೆಯ ಬಣ್ಣ, ನಡುವೆ ತಗ್ಗು, ಸುತ್ತ ಸುಕ್ಕು. ಮುಟ್ಟಿದರೆ ಒಣ ತೊಗಲು.

ಕೆಳಗಿನ ಪದರಗಳು: ದೂರ ದೂರ. ಬಾಚಣಿಗೆಯಲ್ಲಿ ಹಲ್ಲು ಉದುರಿದ ಹಾಗೆ.

ಹಾಲು: ಕತ್ತರಿಸಿದಾಗ ಬಿಳಿ, ಧಾರಾಳ. ಎಣಿಸುತ್ತಾ ಹೋದೆ. ಮೂವತ್ತಕ್ಕೆ ಹಳದಿ, ಎಂಬತ್ತಕ್ಕೆ ಬೂದು, ನೂರ ಐವತ್ತಕ್ಕೆ ಕಾಫಿ. ಫಾಯ್‌ಗೆ ಬೇರೆಯಾಗಿ ಎಣಿಸಲು ಹೇಳಿದ್ದೆ. ಅವಳದು ನೂರ ನಲವತ್ತು, ಅವಳು ಯಾವಾಗಲೂ ಆತುರ.

ವಾಸನೆ: ಇಲ್ಲ. ಕಾಡುಕುರಿ ಅಣಬೆಗೆ ಒಣಮೀನಿನ ವಾಸನೆ ಇರುತ್ತದೆ, ಇದಕ್ಕೆ ಇಲ್ಲ.

ರುಚಿ: ಹಸಿಯಾಗಿ ಒಂದು ಚೂರು ಅಗಿದು ಉಗುಳಿದೆ. ಮೊದಲು ಏನೂ ಇಲ್ಲ, ಆಮೇಲೆ ಗಂಟಲ ಹಿಂದೆ ಖಾರ, ಮನೆ ಮುಟ್ಟುವ ತನಕ ಇತ್ತು.

ತಲೆಯೊಂದನ್ನು ರಾತ್ರಿಯಿಡೀ ಕಪ್ಪು ಕಾಗದದ ಮೇಲೆ ಬೋರಲು ಹಾಕಿದ್ದೆ. ಬಿಳಿ ಪುಡಿ ಬಿದ್ದಿದೆ, ಕಾಗದ ಮಡಚಿ ಇಟ್ಟಿದ್ದೇನೆ.

ಪೊಟ್ಟಣವನ್ನು ವಾರಿಸಾಳ ಹೆಸರಿಗೆ ಬಸ್ಸಿನಲ್ಲಿ ಹಾಕಿದೆ. ಈ ಪತ್ರ ನಿನಗೆ. ಎರಡೇ ಇವೆ ಎಂದು ನಾಚಿಕೆ ಏನೂ ಆಗಲಿಲ್ಲ.

ಸೇಂಗ್ಲಾ


ಲಾಂಫೂನ್
ನವೆಂಬರ್ ೨೦

ಅತ್ತಿಗೆಗೆ,

ವಾರಿಸಾ ಫೋನ್ ಮಾಡಿದ್ದಳು. ಅಕ್ಷರಕ್ಕೆ ಅಕ್ಷರ ಕೂಡಿ ಬಂದಿದೆಯಂತೆ. ಬೀಜಕಣ ಐವತ್ತು ಅಳೆದಳಂತೆ, ಎಲ್ಲವೂ ಏಳರ ಹತ್ತಿರ. ನಿಮ್ಮ ಪತ್ರವನ್ನು ಅವಳಿಗೆ ಕಳಿಸಿದ್ದೆ, ಅದನ್ನೂ ಮಾದರಿಯ ಡಬ್ಬಿಯಲ್ಲಿ ಇಡುತ್ತಾಳಂತೆ. "ಬಾಚಣಿಗೇಲಿ ಹಲ್ಲು ಉದುರಿದ ಹಾಗೆ ಅನ್ನೋದನ್ನ ಲ್ಯಾಟಿನ್ನಲ್ಲಿ ಹೇಗೆ ಬರೀಲಿ ಸಾರ್?" ಎಂದು ನನ್ನನ್ನು ಕೇಳುತ್ತಾಳೆ. ಮುಂದಿನ ಮಳೆಗೆ ಇನ್ನೊಂದು ಸಲ ತಂದು ನೋಡಿ ಬರೆಯಬೇಕೆಂದು ಹೇಳಿದೆ. ಒಂದು ಸಲದ್ದನ್ನು ನಂಬಬಾರದು.

ಪ್ರಬಂಧ ಅವಳದೇ. ನನ್ನ ಹೆಸರು ಸೇರಿಸುತ್ತೇನೆ ಎಂದಳು, ಬೇಡವೆಂದೆ. ಹಾಗಾಗಿ ಹೆಸರಿಡುವ ಹಕ್ಕೂ ಅವಳದು. ಅಣ್ಣನ ಹೆಸರು ಇಡು ಎಂದು ಕೇಳಿಕೊಂಡಿದ್ದೇನೆ. ಇಟ್ಟರೆ ಅವಳ ದೊಡ್ಡತನ.

ಇಲ್ಲಿ ದಿನಕ್ಕೆ ಎಂಟುನೂರು ಬಾಟಲಿ. ಜೋಳದ ಹಬೆ ಬಟ್ಟೆಗೆ ಅಂಟಿ ಹೋಗುವುದೇ ಇಲ್ಲ.

ಇಂತೊನ್


ಮೇ ತೇಂಗ್
ಜೂನ್ ೨೪, ಬುದ್ಧವರ್ಷ ೨೫೫೫

ಇಂತೊನ್,

ನಿನ್ನ ವಾರಿಸಾ ಬಂದಿದ್ದಳು. ಪಟ್ಟಣದ ಹುಡುಗಿ, ಹತ್ತುವಾಗ ನನಗಿಂತ ಹೆಚ್ಚು ಏದುಸಿರು ಬಿಟ್ಟಳು, ಅದರಿಂದ ನನ್ನ ಮೊಣಕಾಲಿಗೆ ಸಮಾಧಾನವಾಯಿತು. ಏಳು ಸಿಕ್ಕವು. ಒಂದೊಂದಕ್ಕೂ ಬೇರೆ ಬೇರೆ ಪೊಟ್ಟಣ, ಬೇರೆ ಬೇರೆ ಚೀಟಿ. ಅಂಟಕ್ಕಿ ಅನ್ನ, ಸುಟ್ಟ ಮೆಣಸಿನ ಚಟ್ನಿ ಬಿಚ್ಚಿ ಅದೇ ಮರದ ಕೆಳಗೆ ಕೂತೆವು. ಬಾಯಿ ತುಂಬ ಅನ್ನ ಇಟ್ಟುಕೊಂಡೇ ಕೇಳಿದಳು.

"ಅಮ್ಮಾ, ಇಂತೊನ್ ಸಾರ್ ಇದಕ್ಕೆ ಕೇವ್ಮಾ ಅಂತ ಇಡು ಅಂದಿದಾರೆ. ನೀವು ಹೂಂ ಅಂದ್ರೆ ಬರ್ದುಬಿಡ್ತೀನಿ."

"ಅವರ ಹೆಸರು ಬೇಡ ಕಣಮ್ಮಾ."

"ಯಾಕಮ್ಮಾ? ಅವರ ಜಾಗ ಅಲ್ವಾ ಇದು?"

"ಜಾಗ ಅವರದೇ. ಆದ್ರೆ ಈ ಅಣಬೆ ಕಂಡ್ರೆ ಅವರಿಗೆ ಆಗ್ತಿರ್ಲಿಲ್ಲ. ತಿನ್ನೋಕೆ ಖಾರ, ಕೈಗೆ ಕಲೆ. 'ದರಿದ್ರದ್ದು' ಅಂತ ಒದ್ದು ಮುಂದೆ ಹೋಗೋರು. ಅವರ ತಮ್ಮ ಈ ಹೆಸರಿಡ್ತೀನಿ ಅಂದದ್ದು ಅಣಬೆಗೋಸ್ಕರ ಅಲ್ಲ. ನಾಲ್ಕು ದಿನ ತಡವಾಗಿ ಬಂದದ್ದಕ್ಕೆ."

ಅವಳಿಗೆ ಅರ್ಥವಾಗಲಿಲ್ಲ. "ಹಾಗಾದ್ರೆ ನಿಮ್ಮ ಹೆಸರು?" ಎಂದಳು.

"ನನ್ನ ಹೆಸರಿಟ್ರೆ ಫಾಯ್ ನನ್ನ ಸಂತೇಲಿ ಬದುಕೋಕೆ ಬಿಡಲ್ಲ. ಇಂತೊನ್ ಅಂತ ಬರಿ."

ಅನ್ನ ಅಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ತನಗೆ ತಾನೇ ಹೆಸರಿಟ್ಟುಕೊಳ್ಳುವುದು ನಿಮ್ಮಲ್ಲಿ ಮರ್ಯಾದೆಯಲ್ಲವಂತೆ, ಆದರೆ ಇನ್ನೊಬ್ಬರು ಇಡಬಹುದಂತೆ. ನೀನು ಪ್ರಬಂಧದಿಂದ ಹೆಸರು ತೆಗೆಸಿಕೊಂಡದ್ದರಿಂದ ಈಗ ಅದಕ್ಕೆ ಅಡ್ಡಿ ಏನೂ ಇಲ್ಲವಂತೆ. "ಸಾರ್ ಒಪ್ಪಲ್ಲಮ್ಮಾ, ಬೈತಾರೆ" ಎಂದಳು. "ಬೈಯಲಿ, ನನ್ನ ಹೆಸರು ಹೇಳು" ಎಂದೆ. ಚೀಟಿಯ ಹಿಂದೆ ಬರೆದು ತೋರಿಸಿದಳು. ಆ ಲಿಪಿ ನನಗೆ ಬರುವುದಿಲ್ಲ, ಆದರೂ ಬೆರಳಿಟ್ಟು ಒಂದೊಂದೇ ಅಕ್ಷರ ಕೇಳಿ ನೋಡಿದೆ. ಸರಿಯಾಗಿದೆ.

ಪ್ರಬಂಧ ಇನ್ನು ಎರಡು ತಿಂಗಳಿಗೆ ಹೋಗುತ್ತದೆ. ಬೇಡ ಎನ್ನುವುದಾದರೆ ಅಷ್ಟರೊಳಗೆ ಹೇಳಬೇಕು. ಪತ್ರದಲ್ಲಿ ಹೇಳಿದರೆ ನಾನು ಓದುವುದಿಲ್ಲ. ಫೋನ್ ಮಾಡಿದರೆ ಇಟ್ಟುಬಿಡುತ್ತೇನೆ. ಲಾಂಫೂನಿನಲ್ಲಿ ಬೆಳಗಿನ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಇಲ್ಲಿರುತ್ತೀಯ. ಬಂದು ಎದುರು ನಿಂತು ಜಗಳ ಆಡು.

ನಿನ್ನ ಅತ್ತಿಗೆ,
ಸೇಂಗ್ಲಾ